ನಿಲ್ಲಿಸಿ ನೋಡದೆ ಬರೆದದ್ದು

ಇಸ್ತ್ರಿ ಅಕ್ಕ ಮೂವತ್ತೆರಡು ವರ್ಷ ನಿಂತೇ ಬದುಕಿದವಳು. ಬೆಳಿಗ್ಗೆ ಏಳಕ್ಕೆ ಮೇಜಿನ ಮುಂದೆ ನಿಂತರೆ ಕತ್ತಲಾಗುವವರೆಗೂ ಬೀದಿಯವರ ಬಟ್ಟೆಗಳ ಸುಕ್ಕು ಬಿಡಿಸುವುದೇ ಕೆಲಸ. ಒಂದು ದಿನ ಹಿಂದಕ್ಕೆ ಬರುತ್ತಿದ್ದ ಲಾರಿ ಅವಳ ಬಲಗಾಲನ್ನು ಗೋಡೆಗೊತ್ತಿ ಜಜ್ಜಿತು. ಮೊಣಕಾಲಿನ ಕೆಳಗೆ ಕತ್ತರಿಸದೆ ವಿಧಿಯಿರಲಿಲ್ಲ. ಗಾಯ ಮಾಗಿದ ಮೇಲೆ ಅವಳು ಅಳುತ್ತ ಕೂರಲಿಲ್ಲ. ಮೇಜಿಗೆ ಸೊಂಟ ಆನಿಸಿ, ಒಂಟಿಕಾಲಲ್ಲೇ ದಿನಕ್ಕೆ ಹತ್ತು ಹದಿನೈದು ಬಟ್ಟೆ ಮುಗಿಸುತ್ತಿದ್ದಳು.

ಕೃತಕ ಕಾಲು ಹೊಂದುತ್ತದೆಯೋ ಇಲ್ಲವೋ ಎಂದು ತಪಾಸಣೆ ಮಾಡುವ ದಿನ ಮಗಳ ಜೊತೆ ಆಸ್ಪತ್ರೆಗೆ ಹೋದಳು. ಬೆಂಚಿನಲ್ಲಿ ಪಕ್ಕದಲ್ಲಿದ್ದವನು ಗೋಡೆಗೆ ಬಣ್ಣ ಹೊಡೆಯುವವನು. ಸಕ್ಕರೆ ಕಾಯಿಲೆ ಅವನ ಎಡಗಾಲನ್ನು ಮೊಣಕಾಲಿನ ಕೆಳಗೆ ತಿಂದಿತ್ತು. ಏಣಿ ಹತ್ತದಿದ್ದರೂ ಪರವಾಗಿಲ್ಲ, ಕೈಗೆಟುಕುವಷ್ಟು ಗೋಡೆಗೆ ಬಣ್ಣ ಹೊಡೆದರೆ ಸಾಕು ಎಂದು ನಗುತ್ತ ಒಳಗೆ ಹೋದ. ಎರಡು ನಿಮಿಷಕ್ಕೆಲ್ಲ, ಕಾಲು ಬೇಡವಂತೆ ಎನ್ನುತ್ತ ಮುಖ ಸಪ್ಪಗೆ ಮಾಡಿಕೊಂಡು ಹೊರಬಂದ.

ಮುಂದೆ ಅಕ್ಕನ ಸರದಿ. ಡಾಕ್ಟರು ಅವಳ ವಯಸ್ಸನ್ನು ಮಗಳ ಹತ್ತಿರ ಕೇಳಿದರು. ಅರವತ್ತಮೂರು ಎಂದಾಗ ಏನೋ ಬರೆದರು. ಕಾಲಿಗೆ ಸುತ್ತಿದ್ದ ಬಟ್ಟೆಯನ್ನು ಬಿಚ್ಚಿಸಿ ನೋಡಲೂ ಇಲ್ಲ.

"ಇವರಿಗೆ ಕಾಲು ಬೇಡಮ್ಮ, ವೀಲ್‌ಚೇರ್ ಸಾಕು. ಈ ವಯಸ್ಸಲ್ಲಿ ಎಲ್ಲಿಗೆ ಹೋಗ್ಬೇಕು?"

ಅಕ್ಕನ ಮೈ ಉರಿದುಹೋಯಿತು. "ಅಳತೆ ತಗೊಳ್ದೆ ಟೈಲರ್ ಕೂಡ ಬಟ್ಟೆಗೆ ಕತ್ತರಿ ಹಾಕಲ್ಲ ಸ್ವಾಮಿ. ನೀವು ನಂಗೆ ಎದ್ದು ನಿಲ್ಲಿ ಅಂತಾನೂ ಅನ್ಲಿಲ್ಲ. ಏನು ನೋಡಿ ಬೇಡ ಅಂದ್ರಿ?"

ಹೊರಗೆ ಜನ ಕಾಯುತ್ತಿದ್ದಾರೆ ಎಂದರು ಡಾಕ್ಟರು. ತಾನೂ ಕಾದೇ ಬಂದಿದ್ದು ಎಂದಳು ಅಕ್ಕ. ಮಗಳು ತೋಳು ಹಿಡಿದು ಜಗ್ಗಿದರೂ ಕದಲಲಿಲ್ಲ. ಕೊನೆಗೆ, ಮೂಲೆಯಲ್ಲಿದ್ದ ಫಿಸಿಯೋ ಮೇಡಂ ತಾನೊಮ್ಮೆ ನೋಡುತ್ತೇನೆಂದು ಅವಳನ್ನು ಹಿಡಿದು ನಡೆಯಲು ಹಾಕಿದ್ದ ಎರಡು ಕಂಬಿಗಳ ನಡುವೆ ಕರೆದೊಯ್ದರು. ಗಾಯದ ಕಲೆ ಒತ್ತಿ ನೋಡಿದರು, ಮೊಣಕಾಲು ಚಾಚಿಸಿದರು, ಒಂಟಿಕಾಲಲ್ಲಿ ನಿಲ್ಲಿಸಿ ಗಡಿಯಾರ ಹಿಡಿದರು. ಅಕ್ಕ ಹಲ್ಲು ಕಚ್ಚಿ ನಿಂತಳು. ಮೇಡಂ ಬರೆದುಕೊಟ್ಟದ್ದನ್ನು ಓದಿ ಡಾಕ್ಟರು ತಮ್ಮ ಸಾಲನ್ನು ಹೊಡೆದುಹಾಕಿ ಸಹಿ ಮಾಡಿದರು. ತಲೆ ಎತ್ತದೆ ಮುಂದಿನವರನ್ನು ಕರೆದರು.

ನಾಲ್ಕು ತಿಂಗಳಿಗೆ ಕಾಲು ಬಂತು. ಮೊದಮೊದಲು ಚರ್ಮ ಬೊಬ್ಬೆ ಎದ್ದು ಪ್ರಾಣ ಹಿಂಡಿತು, ಆಮೇಲೆ ಒಗ್ಗಿತು. ನಡಿಗೆ ಹಿಡಿತಕ್ಕೆ ಬಂದ ಕೂಡಲೇ ಅಕ್ಕ ಆಸ್ಪತ್ರೆಯಲ್ಲಿ ವಿಳಾಸ ಕೇಳಿಕೊಂಡು ಬಣ್ಣದವನ ಮನೆಗೆ ಹೋದಳು. ಡಾಕ್ಟರು ಬೇಡವೆಂದ ಮೇಲೆ ಮುಗಿಯಿತು ಎಂದು ಅವನು ಅಷ್ಟು ದಿನವೂ ಗಾಲಿಕುರ್ಚಿಯಲ್ಲೇ ಕಳೆದಿದ್ದ. ಅವಳು ಬಿಡದೆ ಅವನನ್ನು ಫಿಸಿಯೋ ಮೇಡಂ ಹತ್ತಿರ ಕರೆತಂದಳು.

ಮೇಡಂ ಅವನ ಮೊಣಕಾಲು ಹಿಡಿದು ಎಳೆದರು. ಅರ್ಧಕ್ಕೇ ನಿಂತಿತು. ಕೂತೂ ಕೂತೂ ಮಡಚಿದ ಹಾಗೇ ಬಿಗಿದುಬಿಟ್ಟಿದೆ, ಇದಕ್ಕೆ ಕೃತಕ ಕಾಲು ಕೂರುವುದು ಕಷ್ಟ ಎಂದರು. ಆವತ್ತೇ ನೋಡಿದ್ದರೆ ಆಗುತ್ತಿತ್ತಂತೆ.

"ಹೋಗ್ಲಿ ಬಿಡಿ ಅಕ್ಕ," ಎಂದ ಬಣ್ಣದವನು. "ಡಾಕ್ಟ್ರು ಹೇಳಿದ್ದೇ ಸರಿಯಾಯ್ತಲ್ಲ."

"ಆವತ್ತು ಸರಿ ಇರ್ಲಿಲ್ಲ ಕಣಪ್ಪ. ನಿನ್ನ ಕೂರ್ಸಿ ಸರಿ ಮಾಡ್ಕೊಂಡ್ರು."

ವಾರಕ್ಕೆರಡು ಸಲ ಅವಳು ಅವನ ಮನೆಗೆ ಹೋಗಿ ಎದುರಿಗೆ ಕೂತು, ಮೇಡಂ ಹೇಳಿಕೊಟ್ಟ ಮೊಣಕಾಲು ಚಾಚುವ ವ್ಯಾಯಾಮ ಮಾಡಿಸುತ್ತಾಳೆ. ಮೊಣಕಾಲು ಇನ್ನೂ ನೇರವಾಗಿಲ್ಲ.