ಮಗಳ್ನ ಎಲ್ಲಿಗೆ ಕೊಟ್ರಿ?

ನನ್ನ ಮನೆಯ ರೇಡಿಯೋ ವಾರ್ತೆಗೆ ಬಾಯಿ ತೆರೆಯುತ್ತದೆ, ವಾರ್ತೆ ಮುಗಿದೊಡನೆ ಮುಚ್ಚುತ್ತದೆ. ಹರಪನಹಳ್ಳಿಯಲ್ಲಿ ಡ್ರಿಲ್ ಮಾಸ್ತರನಾಗಿ ನಿವೃತ್ತನಾದವನ ಮನೆಯಲ್ಲಿ ಹಾಡಿಗೂ ಶಿಸ್ತು ಬೇಕಲ್ಲ! ಇಂಥವನ ತಂಗಿಯ ಮಗಳೇ ಪಾಪ್ ಗಾಯಕಿಯಾದಳು. ತಾಳ ಅವಳಿಗೆ ನನ್ನಿಂದಲೇ ಬಂದದ್ದೆಂಬುದರಲ್ಲಿ ನನಗೆ ಸಂಶಯವಿಲ್ಲ. ರಜೆಗೆ ಬಂದಾಗ ಅವಳಿಗೂ ಬೆಳಗಿನ ಕವಾಯತು ತಪ್ಪುತ್ತಿರಲಿಲ್ಲ. ಎಡಗಾಲು ಬಲಗಾಲುಗಳ ನಡುವೆ ಅವಳು ಇನ್ನೊಂದು ಹೆಜ್ಜೆ ತೂರಿಸಿ ಕುಣಿಯುತ್ತಿದ್ದಳು. ನಾನು ಅದನ್ನು ಅಶಿಸ್ತು ಎನ್ನುತ್ತಿದ್ದೆ; ಮುಂದೆ ಜನ ಅದಕ್ಕೇ ಚಪ್ಪಾಳೆ ತಟ್ಟಿದರು.

ಅವಳ ಹೆಸರು ಕೊಟ್ರಮ್ಮ. ಕೊಟ್ಟೂರು ಸ್ವಾಮಿಗೆ ಹರಕೆ ಹೊತ್ತು ಪಡೆದ ಮಕ್ಕಳಿಗೆ ನಮ್ಮ ಸೀಮೆಯಲ್ಲಿ ಕೊಟ್ರೇಶ, ಕೊಟ್ರಮ್ಮ ಬಿಟ್ಟು ಬೇರೆ ಹೆಸರು ಹೊಳೆಯುವುದಿಲ್ಲ. ಮೈದಾನದಲ್ಲಿ ‘ಕೊಟ್ರೇಶ’ ಎಂದು ಕೂಗಿದರೆ ಒಂದು ಸಾಲೇ ಮುಂದೆ ಬರುತ್ತಿತ್ತು. ಗಿಡ್ಡ ಕೊಟ್ರೇಶ, ಗಿರಣಿ ಕೊಟ್ರೇಶ ಎಂದು ಬೇರ್ಪಡಿಸಿಯೇ ಹಾಜರಿ ಮುಗಿಸಬೇಕಿತ್ತು.

ಬೆಂಗಳೂರಿನ ಕ್ಯಾಸೆಟ್ ಕಂಪನಿಯವರಿಗೆ ಹಾಡು ಹಿಡಿಸಿತು, ಹೆಸರು ಹಿಡಿಸಲಿಲ್ಲ. ‘ನಿಶಾ’ ಎಂದಾಗಬೇಕು, ಇಲ್ಲದಿದ್ದರೆ ಕ್ಯಾಸೆಟ್ಟೇ ಇಲ್ಲ ಎಂದರು. ಹಗರಿಬೊಮ್ಮನಹಳ್ಳಿಯಿಂದ ತಂಗಿ ಬಸಮ್ಮ ಮಗಳನ್ನು ಕರೆದುಕೊಂಡು ನೇರ ನನ್ನ ಪಡಸಾಲೆಗೆ ಬಂದಳು.

“ಅಣ್ಣಾ, ಹರಕಿ ಹೆಸರು ತಗದ್ರ ಇಕಿ ಹಾಡೋದು ಬಂದ್. ಮೊದ್ಲ ಓಣ್ಯಾಗ ಎಲ್ಲಾರೂ ಮಗಳ್ನ ಎಲ್ಲಿಗೆ ಕೊಟ್ರಿ, ಎಲ್ಲಿಗೆ ಕೊಟ್ರಿ ಅಂತ ಜೀವ ತಿನ್ನಾಕ ಹತ್ಯಾರ. ಮದುವಿ ಮಾಡಿ ಕಳಿಸಿಬಿಡ್ತೀನಿ.”

“ಮಾಮಾ, ನಿಶಾ ಅಂತ ಕರದ್ರ ನಾನೂ ತಿರುಗಿ ನೋಡಂಗಿಲ್ಲ,” ಎಂದಳು ಹುಡುಗಿ. “ಆದ್ರ ಹಾಡು ಬಿಟ್ಟು ಇರಾಕ ಆಗಂಗಿಲ್ಲ.”

ಹಾಜರಿ ಕರೆದ ಅನುಭವ ಇಂಥ ಹೊತ್ತಿಗೇ ಕೆಲಸಕ್ಕೆ ಬರುವುದು. ಮನೆಯಲ್ಲಿ ನಾವೆಲ್ಲ ಅವಳನ್ನು ಕರೆಯುವುದು ‘ಕೊಟ್ರಿ’ ಎಂದು. ಕಂಪನಿಗೆ ಫೋನು ಹಚ್ಚಿದೆ.

“ಕೊಟ್ರಿ ಅಂತ ಹಾಕ್ರಿ.”

“ಏನ್ ಕೊಟ್ವಿ ಸಾರ್? ನಾವಿನ್ನೂ ಏನೂ ಕೊಟ್ಟಿಲ್ವಲ್ಲ!”

ಅವನಿಗೆ ತಿಳಿಸಿ ಹೇಳುವಷ್ಟರಲ್ಲಿ ಒಂದು ಕವಾಯತು ಮುಗಿಸಿದಷ್ಟು ದಣಿದೆ. ತಿಳಿದ ಮೇಲೆ ನಕ್ಕು ಒಪ್ಪಿಕೊಂಡ. ಭೂತಕಾಲದ ಕ್ರಿಯಾಪದವೊಂದು ಅಂಕಿತನಾಮವಾದ ಉದಾಹರಣೆಯನ್ನು ನಾನು ವ್ಯಾಕರಣದಲ್ಲಿ ಬೇರೆಲ್ಲೂ ಕಂಡಿಲ್ಲ. ಕ್ಯಾಸೆಟ್ ಬಂದಾಗ ಬಸ್‌ಸ್ಟ್ಯಾಂಡಿನ ಅಂಗಡಿಯವ “ಕೊಟ್ರಿ ಕೊಟ್ಟೀನಿ, ರೊಕ್ಕ ಕೊಡ್ರಿ” ಎನ್ನುವುದನ್ನು ಅಲ್ಲೇ ನಿಂತು ಕೇಳಿ ಸುಖಪಟ್ಟೆ.

ಬಸಮ್ಮ ಮಾತ್ರ ಕರಗಿರಲಿಲ್ಲ. ಹರಪನಹಳ್ಳಿಯಲ್ಲಿ ಮಗಳ ಕಾರ್ಯಕ್ರಮವಾದ ಸಂಜೆ, “ಇದೊಂದು ನೋಡ್ತೀನಿ, ಆಮ್ಯಾಲ ಸಾಕು” ಎಂದೇ ಮುಂದಿನ ಸಾಲಿನಲ್ಲಿ ಸೆರಗು ಬಿಗಿದು ಕೂತಳು. ಹುಡುಗಿ ಹಾಡಿದಳು, ಕುಣಿದಳು. ಮೈದಾನ ಎದ್ದು ನಿಂತು “ಕೊಟ್ರಿ! ಕೊಟ್ರಿ!” ಎಂದು ಕೂಗತೊಡಗಿತು. ಆ ಗದ್ದಲದಲ್ಲೂ ಹಿಂದಿನ ಕುರ್ಚಿಯ ಹೆಂಗಸೊಬ್ಬಳು ಬಾಗಿ ಕೇಳಿದಳು: “ಬಸಮ್ಮಾರ, ಮಗಳ್ನ ಎಲ್ಲಿಗೆ ಕೊಟ್ರಿ?”

ತಂಗಿ ವೇದಿಕೆಯಿಂದ ಕಣ್ಣು ಕೀಳಲಿಲ್ಲ.

“ಹಾಡಿಗೆ ಕೊಟ್ಟೀನ್ರಿ. ಇಷ್ಟು ಮಂದಿ ಕೂಗಾಕ ಹತ್ಯಾರ, ಕೇಳಂಗಿಲ್ಲೇನು?”

ಅವಳ ಪಕ್ಕದಲ್ಲಿ ಎದ್ದು ನಿಂತಿದ್ದ ನಾನು ಕೆಳಗೆ ನೋಡಿಕೊಂಡೆ. ನನ್ನ ಎಡಗಾಲು ಬಲಗಾಲುಗಳ ನಡುವೆ ಯಾವಾಗಲೋ ಒಂದು ಹೆಜ್ಜೆ ಹೆಚ್ಚಾಗಿತ್ತು.