ಎಣಿಕೆ ಇಳಿದರೆ ಚಹಾ

ಹವಾಮಾನ ಕಚೇರಿಯಲ್ಲಿ ಮಿಂಚು ಎಣಿಸುವವನನ್ನು ಜೊತೆಯವರು ‘ಸಿಡಿಲಪ್ಪ’ ಎನ್ನುತ್ತಿದ್ದರು. ಇಪ್ಪತ್ತೆರಡು ವರ್ಷಗಳಲ್ಲಿ ಆತ ಎಣಿಸಿದ ಮಿಂಚನ್ನೆಲ್ಲ ಒಂದಕ್ಕೊಂದು ಗಂಟು ಹಾಕಿದರೆ ಚಂದ್ರನಿಗೆ ಎರಡು ಸುತ್ತು ಸುತ್ತಿ, ಉಳಿದ ತುಂಡಿನಲ್ಲಿ ಬಟ್ಟೆ ಒಣಹಾಕಬಹುದಿತ್ತು.

ಆ ಕೋಣೆಗೊಂದು ರೂಢಿ. ನಿಮಿಷಕ್ಕೆಷ್ಟು ಮಿಂಚು ಎಂದು ತೋರುವ ಗೋಡೆಯ ಅಂಕಿ ಏರುತ್ತಿದ್ದರೆ ಯಾರೂ ಕುರ್ಚಿ ಬಿಡುವಂತಿಲ್ಲ, ಇಳಿದರೆ ಚಹಾ.

ಹೊಸಬರು ಬಂದಾಗಲೆಲ್ಲ ಸಿಡಿಲಪ್ಪನ ಪಾಠ ನಡೆಯುತ್ತಿತ್ತು. ಮೇಲೇರುವ ಬಿಸಿಗಾಳಿ ಮೋಡವನ್ನು ಎತ್ತರಕ್ಕೆ ನೂಕುತ್ತದೆ. ಅಲ್ಲಿ ಹಿಮದ ಹರಳುಗಳೂ ಪುಟ್ಟ ಆಲಿಕಲ್ಲುಗಳೂ ಡಿಕ್ಕಿ ಹೊಡೆದು ವಿದ್ಯುತ್ ಹುಟ್ಟುತ್ತದೆ. ಗಾಳಿ ಜೋರಾದಷ್ಟೂ ಮಿಂಚು ಹೆಚ್ಚು. ಗಾಳಿ ಸೋತಿತೋ, ಮಿಂಚು ಕುಸಿಯುತ್ತದೆ. ಆ ಗಾಳಿ ಹೊತ್ತಿದ್ದ ಮಳೆ-ಆಲಿಕಲ್ಲಿನ ಹೊರೆಯೆಲ್ಲ ಧೊಪ್ಪನೆ ಕೆಳಗಿಳಿದು ನೆಲದ ಮೇಲೆ ಬಿರುಗಾಳಿ ಎಬ್ಬಿಸಬಹುದು. ಈ ಕೊನೆಯ ಮಾತಿಗೆ ಬರುವಷ್ಟರಲ್ಲಿ ಚಹಾ ಬಂದುಬಿಡುತ್ತಿತ್ತು.

ಅವತ್ತು ಮಧ್ಯಾಹ್ನ ಹೆಂಡತಿಯ ತಮ್ಮ ಫೋನ್ ಮಾಡಿದ. ಅವನು ಮಾರುಕಟ್ಟೆಯ ಚಾವಣಿಗೆ ತಗಡು ಹೊದಿಸುತ್ತಿದ್ದ.

“ಭಾವಾ, ಮೇಲೆ ಕಪ್ಪಾಗಿದೆ. ಇಳಿದುಬಿಡ್ಲಾ?”

ಅಂಕಿ ಅರವತ್ತರಿಂದ ಒಂಬತ್ತಕ್ಕೆ ಇಳಿದಿತ್ತು. ಲೋಟ ಕೈಗೆ ಬಂದಿತ್ತು.

“ಮುಗೀತು ಬಿಡೋ. ನಿಮ್ಮಕ್ಕನ ಬಾಯಿ ಕೂಡ ಇಷ್ಟು ಬೇಗ ತಣ್ಣಗಾಗಲ್ಲ. ಇನ್ನೆರಡು ತಗಡು ಹೊದಿಸು.”

ಲೋಟ ಅರ್ಧವಾಗಿರಲಿಲ್ಲ, ಕಿಟಕಿಗಳು ದಡದಡ ಬಡಿದುಕೊಂಡವು. ಮಾರುಕಟ್ಟೆಯಲ್ಲಿ ತಗಡುಗಳು ಇಸ್ಪೀಟಿನ ಎಲೆಗಳಂತೆ ಹಾರಿದವು; ಒಂದರ ಹಿಂದೆ ಭಾಮೈದನೂ. ಮೂಟೆಗಳ ಮೇಲೆ ಬಿದ್ದದ್ದರಿಂದ ಜೀವ ಉಳಿಯಿತು, ಕಾಲು ಎರಡು ಕಡೆ ಮುರಿಯಿತು.

ಸಿಡಿಲಪ್ಪ ಆಸ್ಪತ್ರೆಗೆ ಓಡಿದ. ಹೆಂಡತಿ ಮಂಚದ ಪಕ್ಕ ಕಿತ್ತಳೆ ಸುಲಿಯುತ್ತ ತಮ್ಮನನ್ನು ಝಾಡಿಸುತ್ತಿದ್ದಳು.

“ಭಾವ ಇಳಿ ಅಂದ್ರಂತೆ, ಇವನು ಕೇಳ್ಲಿಲ್ಲವಂತೆ! ಕಿವೀನ ಶೋಕಿಗಿಟ್ಕೊಂಡಿದ್ಯೇನೋ? ತಗೊಳ್ರೀ, ನೀವು ತಿನ್ನಿ.”

ಭಾಮೈದ ಮೆಲ್ಲಗೆ ಕಣ್ಣು ಮಿಟುಕಿಸಿದ. ಭಾವನ ಮಾನ ಕಾಪಾಡಲು ಬೈಗುಳವನ್ನೆಲ್ಲ ತಾನೇ ಹೊತ್ತು ಮಲಗಿದ್ದ. ಸಿಡಿಲಪ್ಪ ಕಿತ್ತಳೆಯ ತೊಳೆಯನ್ನು ಕೈಯಲ್ಲೇ ಹಿಡಿದುಕೊಂಡ. ಎಲ್ಲಾದರೂ ಒಂದು ಬಿಲ ಕಂಡಿದ್ದರೆ ಇಲಿಯನ್ನು ಹೊರಗಟ್ಟಿ ತಾನು ಹೊಕ್ಕುಬಿಡುತ್ತಿದ್ದ.

“ನಾನು ಇಳಿ ಅನ್ನಲಿಲ್ಲ ಕಣೇ,” ಎಂದ, ನೆಲ ನೋಡುತ್ತ. “ಕೆಲಸ ಮಾಡು ಅಂದೆ. ಗಾಳಿ ಬರಬಹುದು ಅಂತ ಗೊತ್ತಿತ್ತು. ಕೈಲಿ ಚಹಾ ಇತ್ತು.”

ಹೆಂಡತಿ ಕಿತ್ತಳೆಯನ್ನು ಕೆಳಗಿಟ್ಟಳು. ನಿಮಿಷಕ್ಕೆ ಅರವತ್ತು ಮಾತಾಡುತ್ತಿದ್ದವಳ ಬಾಯಿಂದ ಒಂದೂ ಹೊರಡಲಿಲ್ಲ.

ಎಣಿಕೆ ಸೊನ್ನೆಗಿಳಿದಿತ್ತು. ಇಪ್ಪತ್ತೆರಡು ವರ್ಷಗಳಲ್ಲಿ ಮೊದಲ ಸಲ ಸಿಡಿಲಪ್ಪನಿಗೆ ಚಹಾದ ನೆನಪಾಗಲಿಲ್ಲ. ತಲೆ ತಗ್ಗಿಸಿ, ಗಾಳಿಗಾಗಿ ಕಾಯುತ್ತ ನಿಂತ.