ಮುಖ ನೋಡದ ಲಿಫ್ಟಣ್ಣ

ಲಿಫ್ಟಣ್ಣನಿಗೆ ಮನೆಯವರಿಟ್ಟ ಹೆಸರು ಬೇರೆಯೇ ಇತ್ತು ಅನ್ನಿ. ಆದರೆ ಅದು ಯಾರಿಗೆ ಬೇಕು? ಎಂಟು ಅಂತಸ್ತಿನ ಆಫೀಸು ಕಟ್ಟಡದ ಲಿಫ್ಟಿನಲ್ಲಿ ಮೀಸೆ ಚಿಗುರಿದಾಗಿನಿಂದ ಅದು ನರೆಯುವವರೆಗೆ ನಿಂತವನನ್ನು ಮತ್ತೇನೆಂದು ಕರೆಯುತ್ತಾರೆ? ಬಾಗಿಲ ಪಕ್ಕ ಒಂದು ಸ್ಟೂಲು, ಕಣ್ಣೆದುರು ಗುಂಡಿಗಳು, ಬೆನ್ನ ಹಿಂದೆ ಜನ. ತಿರುಗಿ ನೋಡುವ ಅಭ್ಯಾಸವೇ ಅವನಿಗಿರಲಿಲ್ಲ. ಕೆಮ್ಮಿದರೆ ನಾಲ್ಕನೇ ಮಹಡಿಯ ವಕೀಲರು, ಚಪ್ಪಲಿ ಎಳೆದರೆ ಆರನೆಯದರ ಗುಮಾಸ್ತರು. ಮುಖ ಕಾಣದ ಧೈರ್ಯಕ್ಕೋ ಏನೋ, ಜನ ತಮ್ಮ ಸುಖದುಃಖವನ್ನೆಲ್ಲ ಆ ಬೆನ್ನಿನ ಮುಂದೆ ತೋಡಿಕೊಳ್ಳುತ್ತಿದ್ದರು. ಅವನೂ ಬಾಗಿಲಿಗೇ ಸಮಾಧಾನ ಹೇಳಿ ಕಳಿಸುತ್ತಿದ್ದ.

ಒಂದು ದಿನ ತನ್ನಷ್ಟಕ್ಕೆ ತಾನೇ ಓಡುವ ಹೊಸ ಲಿಫ್ಟು ಬಂತು. ಲಿಫ್ಟಣ್ಣ ಮನೆಗೆ ಬಂದ.

ಹೆಂಡತಿ ಹೊಲಿಗೆ ಮಿಷನ್ನು ತುಳಿದು ಸಂಸಾರ ತೂಗಿಸುತ್ತಿದ್ದಳು. ಅವಳು ಒಂದು ದಿನವೂ ಒಂದು ಕೊಂಕು ಮಾತು ಆಡಿದವಳಲ್ಲ. ಆದರೂ ಹೆಂಡತಿ ದುಡಿದದ್ದನ್ನು ಕೂತು ಉಣ್ಣಲು ಅವನಿಗೆ ಮನಸ್ಸೊಪ್ಪಲಿಲ್ಲ. ಇಸ್ತ್ರಿ ಅಂಗಿ ತೊಟ್ಟು ಕೆಲಸ ಹುಡುಕಲು ಹೊರಟ.

ಹೋದಲ್ಲೆಲ್ಲ ಒಂದೇ ಕತೆ. ಕೊರಿಯರ್ ಆಫೀಸಿನಲ್ಲಿ "ಮುಂಚೆ ಏನ್ ಕೆಲ್ಸ ಮಾಡ್ತಿದ್ರಿ?" ಎಂದು ಕೇಳಿದರೆ, ಈ ಮಹಾರಾಯ ಕುರ್ಚಿಯಲ್ಲಿ ಮೆಲ್ಲಗೆ ಓರೆಯಾಗಿ ತಿರುಗಿ, ಬಾಗಿಲು ನೋಡುತ್ತ ಚೊಕ್ಕವಾಗಿ ಉತ್ತರ ಕೊಟ್ಟ. "ಆಯ್ತು, ತಿಳಿಸ್ತೀವಿ" ಎಂದರು. ಅವರು ಯಾಕೆ ತಿಳಿಸುತ್ತಾರೆ! ಗೋದಾಮಿನವರೂ ಅಷ್ಟೇ. ಚಪ್ಪಲಿ ಅಂಗಡಿಯ ಯಜಮಾನ ಮಾತ್ರ ಮನಸ್ಸಿನಲ್ಲಿಟ್ಟುಕೊಳ್ಳದೆ ಹೇಳಿಬಿಟ್ಟ: "ಮುಖ ಕೊಟ್ಟು ಮಾತಾಡದೋರನ್ನ ಹೇಗ್ರೀ ನಂಬೋದು?"

ಆ ಮಾತು ಲಿಫ್ಟಣ್ಣನ ಎದೆಗೆ ನಾಟಿತು. ಇಡೀ ಕಟ್ಟಡದ ಗುಟ್ಟುಗಳನ್ನು ಹೊಟ್ಟೆಯಲ್ಲಿಟ್ಟುಕೊಂಡವನು ಅವನು. ಮನೆಗೆ ಬಂದು, ಗೋಡೆ ನೋಡುತ್ತಲೇ, ನಡೆದದ್ದನ್ನು ಹೇಳಿದ.

ಹೆಂಡತಿ ಮಿಷನ್ನು ನಿಲ್ಲಿಸಿದಳು. ಒಂದು ಕುರ್ಚಿ ಎಳೆದು ಅವನೆದುರು ಕೂತಳು.

"ಇವತ್ತಿಂದ ದಿನಾ ಸಂಜೆ ಪ್ರಾಕ್ಟೀಸು. ನನ್ನ ಮುಖ ನೋಡ್ಕೊಂಡು ಮಾತಾಡಿ."

"ಏನಂತ ಮಾತಾಡ್ಲೇ?"

"ಏನಾದ್ರೂ. ರೀ, ನಾನು ಗಡಿಯಾರದಲ್ಲಿಲ್ಲ, ಇಲ್ಲಿದೀನಿ!"

ಅವನು ಬೆವರಿದ, ಕೆಮ್ಮಿದ, ಕೊನೆಗೂ ನೋಡಿದ. ನೋಡುತ್ತ ನೋಡುತ್ತ, "ಅಲ್ಲ ಕಣೇ, ನಿನ್ನ ಹುಬ್ಬಿನ ಹತ್ರ ಈ ಮಚ್ಚೆ ಯಾವಾಗ ಬಂತು?" ಎಂದ.

"ಹುಟ್ಟಿದಾಗ!" ಎಂದು ಅವಳು ನಕ್ಕಿದ್ದೇ ನಕ್ಕಿದ್ದು.

ಕಲಿತ ವಿದ್ಯೆಯನ್ನು ಲಿಫ್ಟಣ್ಣ ಮುದ್ರಣಾಲಯದ ಸಂದರ್ಶನದಲ್ಲಿ ಪೂರ್ತಿ ಖರ್ಚು ಮಾಡಿದ. ಮ್ಯಾನೇಜರನನ್ನು ರೆಪ್ಪೆ ಬಡಿಯದೆ ದಿಟ್ಟಿಸಿದ. ಆ ಪಾಪದವನು ಮೊದಲು ಕೆನ್ನೆ ಒರೆಸಿಕೊಂಡ, ಆಮೇಲೆ ಕಾಲರ್ ಸರಿಮಾಡಿಕೊಂಡ, ಕೊನೆಗೆ ಹೆದರಿ ಜವಾನನನ್ನು ಕೂಗಿದ. ಅಲ್ಲಿಯೂ "ತಿಳಿಸ್ತೀವಿ." ಅಂದು ಸಂಜೆ ಗಂಡ ಹೆಂಡತಿ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಕೆಲಸ ಸಿಗದ ದಿನವೂ ಹೀಗೆ ನಗಬಹುದೆಂದು ಲಿಫ್ಟಣ್ಣನಿಗೆ ಗೊತ್ತೇ ಇರಲಿಲ್ಲ.

ಮುಂದಿನ ಬಾರಿ ಹೋದದ್ದು ಆಸ್ಪತ್ರೆಗೆ. ರೋಗಿಗಳನ್ನು ಗಾಲಿಕುರ್ಚಿಯಲ್ಲಿ ಕರೆದೊಯ್ಯುವ ಕೆಲಸ. ಅಲ್ಲಿಯ ದೊಡ್ಡ ಸಿಸ್ಟರ್ ಪ್ರಶ್ನೆಗಿಶ್ನೆ ಕೇಳಲಿಲ್ಲ. ತಾವೇ ಗಾಲಿಕುರ್ಚಿಯಲ್ಲಿ ಕೂತು, "ಎಕ್ಸ್‌ರೇ ರೂಮಿನ ತನಕ ತಳ್ಕೊಂಡು ಹೋಗಿ ನೋಡೋಣ" ಎಂದರು.

ಲಿಫ್ಟಣ್ಣನ ಎದುರು ಈಗ ಮುಖವಿಲ್ಲ, ಒಂದು ತುರುಬು ಮಾತ್ರ. ಇಬ್ಬರ ನೋಟವೂ ಮುಂದಕ್ಕೆ. ಅವನ ಉಸಿರು ಹಗುರಾಯಿತು, ನಾಲಿಗೆ ಸಡಿಲವಾಯಿತು.

"ಮುಂದೆ ಇಳಿಜಾರಿದೆ ಸಿಸ್ಟರ್, ಸ್ವಲ್ಪ ಹಿಂದಕ್ಕೆ ಒರಗಿ. ಬಾಗಿಲ ಹತ್ರ ಒಂಚೂರು ಕುಲುಕತ್ತೆ, ಗಾಬರಿಯಾಗ್ಬೇಡಿ."

ಕಾರಿಡಾರು ಮುಗಿಯುವಷ್ಟರಲ್ಲಿ ಮುದ್ರಣಾಲಯದ ಕತೆಯೂ ಹೊರಬಿತ್ತು. ಸಿಸ್ಟರ್ ನಗುತ್ತ, ತಮ್ಮ ಮಂಡಿನೋವಿನ ಸಂಗತಿ ಹೇಳಿಕೊಂಡರು. ಇಳಿದ ಮೇಲೆ, "ಸೋಮವಾರ ಬಂದ್ಬಿಡಿ" ಎಂದರು.

ಆ ಸೋಮವಾರ ಸಂಜೆ ಅವನು ದಣಿದು, ಹಿಗ್ಗಿ ಮನೆಗೆ ಬಂದಾಗ, ಹೆಂಡತಿ ಆಗಲೇ ಕುರ್ಚಿಗಳನ್ನು ಎದುರುಬದುರು ಹಾಕಿದ್ದಳು.

"ಕೂತ್ಕೊಳ್ಳಿ, ಪ್ರಾಕ್ಟೀಸು."

"ಕೆಲ್ಸ ಸಿಕ್ತಲ್ಲೇ ಮಾರಾಯ್ತಿ! ಅಲ್ಲಿ ಯಾರ ಮುಖಾನೂ ನೋಡ್ಬೇಕಾಗಿಲ್ಲ. ಇನ್ಯಾಕೆ ಇದು?"

"ಕೆಲ್ಸಕ್ಕಲ್ಲ" ಎಂದಳು ಅವಳು.

ಲಿಫ್ಟಣ್ಣ ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡು ಕೂತ.